ಉಪವಾಸದ ಆಚೀಚೆಯ ಊಟ

ಹದಿನಾರು ತಾಸು ಹೊಟ್ಟೆ ಖಾಲಿ ಬಿಟ್ಟರೆ ಒಳ್ಳೆಯದೇ? ಸಕ್ಕರೆ ಕಾಯಿಲೆ ಇದ್ದವರು ಉಪವಾಸ ಹಿಡಿಯಬಹುದೇ? ನೀರು ಕುಡಿಯಬೇಕೋ ಬಿಡಬೇಕೋ? ವಾರಗಟ್ಟಲೆ ಉಣ್ಣದೆ ಇದ್ದರೆ ಮೈ ಶುದ್ಧವಾಗುತ್ತದೆಯೇ? ಉಪವಾಸ ಬಿಡುವಾಗ ಮೊದಲ ತುತ್ತು ಯಾವುದಿರಬೇಕು? ಈ ಪ್ರಶ್ನೆಗಳನ್ನು ಈಗ ಜನ ವೈದ್ಯರ ಮುಂದೆಯೂ ಇಡುತ್ತಾರೆ, ಮೊಬೈಲಿನ ಮುಂದೆಯೂ ಇಡುತ್ತಾರೆ. ಆದರೆ ಇವು ಹಳೆಯ ಪ್ರಶ್ನೆಗಳು. ಭೀಮಾ ಮತ್ತು ಕೃಷ್ಣಾ ನದಿಗಳ ಆಸುಪಾಸಿನಲ್ಲಿ ಹರಡಿಕೊಂಡ ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಏಕಾದಶಿ ಮಾಡುವವರು, ಶ್ರಾವಣ ಸೋಮವಾರ ಒಪ್ಪತ್ತು ಇರುವವರು, ರಂಜಾನಿನ ರೋಜಾ ಹಿಡಿಯುವವರು ಶತಮಾನಗಳಿಂದ ಅಕ್ಕಪಕ್ಕದಲ್ಲಿ ಬದುಕಿದ್ದಾರೆ. ಇವರ ದೈವ ಬೇರೆ, ತಿಥಿ ನೋಡುವ ಕ್ರಮ ಬೇರೆ, ಉಪವಾಸಕ್ಕೆ ಹೇಳುವ ಕಾರಣವೂ ಬೇರೆ. ಆದರೂ ಮೂರೂ ಆಚರಣೆಗಳ ಕಟ್ಟಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಉಣ್ಣದೆ ಇರುವ ಹೊತ್ತಿನ ಬಗ್ಗೆ ಅವು ಹೇಳುವುದು ಕಡಿಮೆ. ಅದರ ಹಿಂದಿನ ಮತ್ತು ಮುಂದಿನ ಊಟದ ಬಗ್ಗೆ ಹೇಳುವುದು ಬಹಳ. ಉಪವಾಸ ಮೈಗೆ ಹಿತವಾಗುತ್ತದೋ ಅಹಿತವಾಗುತ್ತದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಆಚೀಚೆಯ ಊಟವೇ ಎಂಬುದು ನನ್ನ ವಾದ. ಈ ಸೀಮೆಯ ಚರಿತ್ರೆ ಅದಕ್ಕೆ ಸಾಕ್ಷಿ ಒದಗಿಸುತ್ತದೆ, ಇಂದಿನ ವೈದ್ಯಶಾಸ್ತ್ರವೂ ಅದರ ಹತ್ತಿರಕ್ಕೇ ಬಂದು ನಿಂತಿದೆ.

ಉಪವಾಸದ ಚರಿತ್ರೆ ಬರೆಯಹೊರಟವರಿಗೆ ಮೊದಲ ತೊಡಕು ಸಾಕ್ಷಿಯದೇ. ಉಂಡದ್ದಕ್ಕೆ ಕುರುಹು ಉಳಿಯುತ್ತದೆ, ಉಣ್ಣದ್ದಕ್ಕೆ ಉಳಿಯುವುದಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬದ ಬಳಿಯಲ್ಲೇ ದನ ಕಡಿದು ಪಾಲು ಮಾಡುತ್ತಿದ್ದ ನೆಲ, ಮೂಳೆಯ ರಾಶಿ, ಕಲ್ಲಿನ ಅಲಗುಗಳು ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಆ ಜನ ಒಟ್ಟಿಗೆ ಕೂತು ಉಂಡದ್ದು ಇದರಿಂದ ಗೊತ್ತಾಗುತ್ತದೆ. ಅವರು ಯಾವ ದಿನ ಬಾಯಿ ಕಟ್ಟಿದ್ದರು ಎಂಬುದನ್ನು ಮಣ್ಣು ಹೇಳುವುದಿಲ್ಲ. ಬರಹದ ಕಾಲಕ್ಕೆ ಬಂದರೂ ಸ್ಥಿತಿ ಹೆಚ್ಚು ಬದಲಾಗುವುದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಾಲಯಕ್ಕೆ ಹೊಂದಿದ ಮಠದ ತಪೋಧನರ ಅಶನಕ್ಕೆ, ಆಚ್ಛಾದನಕ್ಕೆ ಎಂದು ಹೊಲ ತೋಟ ಬಿಟ್ಟುಕೊಟ್ಟ ವಿವರ ಮತ್ತೆ ಮತ್ತೆ ಬರುತ್ತದೆ. ವ್ರತನಿಯಮವೇ ಬದುಕಾಗಿದ್ದ ತಪಸ್ವಿಗಳ ಹೆಸರಿನಲ್ಲಿ ಕಲ್ಲಿನ ಮೇಲೆ ಉಳಿದುಬಂದಿರುವುದು ಅವರ ಊಟದ ಏರ್ಪಾಡು. ದಾನ ಕೊಟ್ಟವರಿಗೆ ಒಂದು ತಿಳಿವಳಿಕೆ ಇತ್ತು ಎನಿಸುತ್ತದೆ: ಉಪವಾಸ ಮಾಡುವವನಿಗೆ ಅನ್ನದ ಭರವಸೆ ಇರಬೇಕು, ಇಲ್ಲವಾದರೆ ಅವನು ಮಾಡುವುದು ತಪಸ್ಸಲ್ಲ, ಪಡುವುದು ಪಾಡು.

ಇದೇ ತಿಳಿವಳಿಕೆಯನ್ನು ಇನ್ನೂ ನೇರವಾಗಿ ಹೇಳಿದವನು ಇದೇ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯ. ಬಸವಣ್ಣನಿಗಿಂತ ಹಿಂದಿನವನು. ಅಡವಿಯಲ್ಲಿ ಕಠೋರ ತಪಸ್ಸಿಗೆ ಕೂತಿದ್ದ ಅವನಿಗೆ ಶಿವನು ಪ್ರತ್ಯಕ್ಷನಾಗಿ ಮೈ ದಂಡಿಸುವ ಹಾದಿ ಬಿಟ್ಟು ದುಡಿದು ಬದುಕಲು ಹೇಳಿದನೆಂಬ ಕಥೆಯಿದೆ. ಕಥೆಯನ್ನು ಚರಿತ್ರೆ ಎಂದು ತೆಗೆದುಕೊಳ್ಳಬೇಕಿಲ್ಲ. ಆದರೆ ಒಬ್ಬ ಸಂತನ ಹಿರಿಮೆಯನ್ನು ಹೇಳುವಾಗ ಜನ ಅವನ ಉಪವಾಸವನ್ನಲ್ಲ, ಉಪವಾಸ ಬಿಟ್ಟದ್ದನ್ನು ನೆನಪಿಟ್ಟುಕೊಂಡರು ಎಂಬುದು ಗಮನಿಸಬೇಕಾದ ಮಾತು. ದೇಹ ಹೊತ್ತು ಬಂದವರಿಗೆ ಹಸಿವಿನಿಂದ ಬಿಡುಗಡೆಯಿಲ್ಲವೆಂದು, ಮೈಯಿಲ್ಲದ ರಾಮನಾಥನಿಗೆ ಅದು ತಿಳಿಯಬೇಕಾದರೆ ಅವನೂ ಒಮ್ಮೆ ಈ ಪಾಡನ್ನು ಪಡಬೇಕೆಂದು ವಾದಿಸುವ ಅವನ ವಚನ ಕನ್ನಡದ ಓದುಗರಿಗೆ ಚಿರಪರಿಚಿತ. ಮುಂದೆ ಶರಣರು ಯಾಂತ್ರಿಕ ವ್ರತಗಳನ್ನು ಪ್ರಶ್ನಿಸಿ ಕಾಯಕ, ದಾಸೋಹಗಳನ್ನು ಮುಂದಿಟ್ಟರು. ಪಕ್ಕದ ಕಲಬುರಗಿಯಲ್ಲಿ ಶರಣಬಸವೇಶ್ವರರು (1746–1822) ಪೂಜ್ಯರಾದದ್ದು ದಾಸೋಹದಿಂದ. ಆದರೂ ಅದೇ ಶರಣ ಪರಂಪರೆಯ ಮನೆಗಳಲ್ಲಿ ಸೋಮವಾರದ ಒಪ್ಪತ್ತು, ಶಿವರಾತ್ರಿಯ ಉಪವಾಸ ನಿಲ್ಲಲಿಲ್ಲ. ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ದಾಸೋಹದ ಒಲೆ ಉರಿಯುವ ಊರಿನಲ್ಲಿ ಒಂದು ಹೊತ್ತು ಊಟ ಬಿಡುವುದು ಮೈದಂಡನೆಯಾಗುವುದಿಲ್ಲ, ವಿರಾಮವಾಗುತ್ತದೆ.

ಈಗ ಏಕಾದಶಿಯನ್ನು ಹತ್ತಿರದಿಂದ ನೋಡೋಣ. ಸುರಪುರದ ಆನಂದದಾಸರಂಥ ಹರಿದಾಸರು ಬಾಳಿದ ನೆಲ ಇದು. ಇಲ್ಲಿಯ ಮಾಧ್ವ ಮನೆಗಳಲ್ಲಿ ಏಕಾದಶಿಯೆಂದರೆ ನೀರೂ ಮುಟ್ಟದ ನಿರ್ಜಲವೇ ಆದರ್ಶ. ವರ್ಷಕ್ಕೆ 24, ಅಧಿಕ ಮಾಸ ಬಿದ್ದರೆ 26. ಹೆಸರಿಗೆ ಒಂದು ದಿನದ ಉಪವಾಸವಾದರೂ ವ್ರತ ಮೂರು ದಿನದ್ದು. ದಶಮಿಯಂದು ಒಂದೇ ಊಟ, ಏಕಾದಶಿಯಂದು ಏನೂ ಇಲ್ಲ, ದ್ವಾದಶಿಯ ಬೆಳಿಗ್ಗೆ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ದಶಮಿಯ ಮಧ್ಯಾಹ್ನದಿಂದ ಎಣಿಸಿದರೆ ಸುಮಾರು 40 ತಾಸು. ಇಷ್ಟು ಉದ್ದದ ಉಪವಾಸದಲ್ಲಿ ಪಂಚಾಂಗ ಅತಿ ಹೆಚ್ಚು ಕಾಳಜಿ ವಹಿಸುವುದು ಯಾವುದಕ್ಕೆ? ಪಾರಣೆಯ ವೇಳೆಗೆ. ದ್ವಾದಶಿ ಬೇಗ ಮುಗಿಯುವ ಸಾಧನಿ ದ್ವಾದಶಿಯ ದಿನ ನಸುಕಿಗೂ ಮುಂಚೆ ಎದ್ದು, ಅಡಿಗೆ ಮಾಡಿ, ನೈವೇದ್ಯ ತೋರಿಸಿ, ಹೊತ್ತು ಹುಟ್ಟುವುದರೊಳಗೆ ಎಲೆ ಹಾಕಬೇಕು. ವೇಳೆಗೆ ಪಾರಣೆ ಮಾಡದವನಿಗೆ ವ್ರತದ ಫಲವಿಲ್ಲ. ಅಂಬರೀಷನ ಕಥೆ ನಿಂತಿರುವುದೇ ಈ ಕಟ್ಟಳೆಯ ಮೇಲೆ. ದೂರ್ವಾಸರು ಸ್ನಾನಕ್ಕೆ ಹೋಗಿ ಬರಲಿಲ್ಲ, ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ, ದ್ವಾದಶಿ ಮುಗಿಯುತ್ತಿದೆ. ರಾಜ ನೀರು ಕುಡಿದು ಪಾರಣೆ ಮುಗಿಸಿದ. ಋಷಿಯ ಸಿಟ್ಟಿಗಿಂತ ತಡವಾದ ಪಾರಣೆ ದೊಡ್ಡ ದೋಷವೆಂದು ಆ ಕಥೆ ತೀರ್ಮಾನಿಸುತ್ತದೆ. ಪಾರಣೆಯ ಎಲೆಯನ್ನೂ ನೋಡಬೇಕು. ಅಗಸೆ ಮರದ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ, ಮೆತ್ತಗಿನ ಅನ್ನ. ಆ ಸೊಪ್ಪಿನಲ್ಲಿ ಸುಣ್ಣ, ಕಬ್ಬಿಣದ ಅಂಶ ಚೆನ್ನಾಗಿದೆ. ನೆಲ್ಲಿಕಾಯಿಯ ಸಿ ಜೀವಸತ್ವ ಆ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಹಿಂದಿನವರು ಇದನ್ನು ರಸಾಯನಶಾಸ್ತ್ರ ಓದಿ ಗೊತ್ತುಮಾಡಿದರೆಂದು ನಾನು ಹೇಳುತ್ತಿಲ್ಲ. ತಲೆಮಾರುಗಳ ಕಾಲ ಬರಿಹೊಟ್ಟೆಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ನೋಡಿ ನೋಡಿ ಕಂಡುಕೊಂಡದ್ದು ಅದು. ಎಂಟು ವರ್ಷದೊಳಗಿನ ಮಕ್ಕಳಿಗೆ, ಎಂಬತ್ತು ದಾಟಿದವರಿಗೆ ಈ ವ್ರತದ ಕಡ್ಡಾಯವಿಲ್ಲ ಎಂದು ಧರ್ಮಶಾಸ್ತ್ರವೇ ಹೇಳಿದೆ. ರೋಗಿಗಳಿಗೂ ಬಸುರಿಯರಿಗೂ ಹಣ್ಣು ಹಾಲಿನ ರಿಯಾಯಿತಿ ಉಂಟು. ಯಾರು ಉಪವಾಸ ಮಾಡಬಾರದು ಎಂಬ ಪ್ರಶ್ನೆಗೆ ಇಂದಿನ ವೈದ್ಯರು ಕೊಡುವ ಪಟ್ಟಿಯೂ ಹೆಚ್ಚು ಕಡಿಮೆ ಇದೇ.

ಒಕ್ಕಲಿಗರ, ಲಿಂಗಾಯತರ, ಬೇಡ ನಾಯಕರ ಮನೆಗಳ ಉಪವಾಸ ಇಷ್ಟು ಬಿಗಿಯಲ್ಲ, ಆದರೆ ಊಟದ ವಿಚಾರದಲ್ಲಿ ಇನ್ನೂ ಶ್ರೀಮಂತ. ಮಾಂಸ ಉಣ್ಣುವ ಮನೆಗಳೂ ಶ್ರಾವಣದಲ್ಲಿ ಅದನ್ನು ಬಿಡುತ್ತವೆ. ಸೋಮವಾರ ಹಗಲೆಲ್ಲ ಬಾಯಿ ಕಟ್ಟಿ ರಾತ್ರಿ ಪೂಜೆಯಾದ ಮೇಲೆ ಒಂದು ಹೊತ್ತು ಉಣ್ಣುತ್ತಾರೆ. ಆ ಒಂದು ಊಟ ಉಳಿದ ದಿನಗಳ ರೊಟ್ಟಿ, ಪುಂಡಿಪಲ್ಯಕ್ಕಿಂತ ಒಂದು ಕೈ ಮೇಲಿರುತ್ತದೆ. ನಾಗರ ಪಂಚಮಿಯ ಹಬ್ಬಕ್ಕೆ ಹೆಣ್ಣುಮಕ್ಕಳು ಹಾಲೆರೆಯುವ ತನಕ ಉಪವಾಸ; ಆಮೇಲೆ ಜೋಳ ಹುರಿದ ಅಳ್ಳು, ತಂಬಿಟ್ಟು, ಎಳ್ಳುಂಡಿ, ಶೇಂಗಾ ಉಂಡಿ. ಜೋಳ, ಎಳ್ಳು, ಬೆಲ್ಲ, ತುಪ್ಪ: ಮಳೆಗಾಲದ ಕಳೆ ತೆಗೆಯುವ ಕೆಲಸಕ್ಕೆ ಬೇಕಾದ ಶಕ್ತಿಯೆಲ್ಲ ಆ ಉಂಡಿಗಳಲ್ಲಿದೆ. ಶಿವರಾತ್ರಿ ಬರುವುದು ಮಾಘದ ಕೊನೆಗೆ, ಎರೆಹೊಲದ ಹಿಂಗಾರಿ ಬಿಳಿಜೋಳ ಕೈಗೆ ಬರುವ ಹೊತ್ತಿಗೆ. ವರ್ಷದ ಅತಿ ದೊಡ್ಡ ಉಪವಾಸವೂ ಜಾಗರಣೆಯೂ ಕಣಜ ತುಂಬುವ ಕಾಲಕ್ಕೇ ಹೊಂದಿಕೊಂಡಿವೆ. ಆ ದಿನದ ಫಳಾರದಲ್ಲಿ ಒಂದು ವಿಚಿತ್ರವಿದೆ. ಜೋಳ, ಅಕ್ಕಿ, ಗೋದಿ ನಿಷಿದ್ಧ. ಗೆಣಸು, ಶೇಂಗಾ, ಆಲೂಗಡ್ಡೆ, ಸಾಬೂದಾನಿ ನಡೆಯುತ್ತವೆ. ನಡೆಯುವ ಈ ನಾಲ್ಕೂ ಅಮೆರಿಕಾ ಖಂಡದ ಮೂಲದವು, ಪೋರ್ಚುಗೀಸರು ಬಂದ ಮೇಲೆ ನಮ್ಮ ದೇಶ ಸೇರಿದ ಬೆಳೆಗಳು. ಸಾಬೂದಾನಿಯಂತೂ ಮರಗೆಣಸಿನ ಪಿಷ್ಟ. ತಮಿಳುನಾಡಿನ ಸೇಲಂ ಸೀಮೆಯಲ್ಲಿ ಅದರ ತಯಾರಿಕೆ ಬೆಳೆದದ್ದು 1940ರ ದಶಕದಿಂದೀಚೆಗೆ. ಸನಾತನವೆಂದು ನಾವು ತಿಳಿದ ಉಪವಾಸದ ತಟ್ಟೆ ಹೀಗೆ ಕಾಲಕಾಲಕ್ಕೆ ಬದಲಾಗಿದೆ, ಬದಲಾವಣೆ ಎಲ್ಲವೂ ಒಳ್ಳೆಯದಕ್ಕೆ ಆಗಿಲ್ಲ. ಶೇಂಗಾದಲ್ಲಿ ಪ್ರೋಟೀನ್ ಇದೆ, ಗೆಣಸಿನಲ್ಲಿ ನಾರು ಇದೆ. ಸಾಬೂದಾನಿ ಬರಿಯ ಪಿಷ್ಟ. ಎಣ್ಣೆಯಲ್ಲಿ ಮಿಂದ ಸಾಬೂದಾನಿ ವಡೆ, ಕಿಚಡಿ ದಿನಕ್ಕೆ ಎರಡು ಸಲ ತಿಂದು ಉಪವಾಸ ಮಾಡಿದೆ ಎನ್ನುವ ಮಧುಮೇಹಿಗೆ ಎಂದಿನ ಜೋಳದ ರೊಟ್ಟಿಯೇ ಎಷ್ಟೋ ಮೇಲಾಗಿತ್ತು.

ರೋಜಾದ ಚರಿತ್ರೆಗೆ ಶಹಾಪುರದ ಬಳಿಯ ಗೋಗಿಯೇ ಸಾಕ್ಷಿ. ಬಿಜಾಪುರದ ಆದಿಲ್‌ಶಾಹಿ ಮನೆತನ ಸ್ಥಾಪಿಸಿದ ಯೂಸುಫ್ ಆದಿಲ್ ಖಾನ್ 1510ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ಗೋಗಿಯ ಚಂದಾ ಹುಸೇನಿ ದರ್ಗಾದ ಆವರಣದಲ್ಲಿ. ಅದಕ್ಕೂ ಮುಂಚೆ ಬಹಮನಿಗಳ ಕಾಲದಿಂದ ಇಲ್ಲಿ ರಂಜಾನ್ ನಡೆದುಬಂದಿದೆ. ಅದರ ಕಟ್ಟಳೆಯಲ್ಲೂ ಅದೇ ಒತ್ತು: ಬೆಳಗಿನ ಜಾವದ ಸಹರಿ ತಪ್ಪಿಸಬಾರದು, ಅದನ್ನು ಆದಷ್ಟು ತಡವಾಗಿ ಮಾಡುವುದು ಲೇಸು, ಹೊತ್ತು ಮುಳುಗಿದ ಮೇಲೆ ಇಫ್ತಾರ್ ತಡಮಾಡಬಾರದು, ಖಜೂರ, ನೀರಿನಿಂದ ಶುರುಮಾಡಬೇಕು. ನಡುವೆ ಬಿಡದೆ ಎರಡು ದಿನದ ರೋಜಾಗಳನ್ನು ಒಂದಕ್ಕೊಂದು ಹೊಸೆಯುವುದನ್ನು ಪ್ರವಾದಿಗಳು ಬೇಡವೆಂದರು. ರೋಗಿಗೆ, ಪ್ರಯಾಣಿಕರಿಗೆ ವಿನಾಯಿತಿ. ಬಿಟ್ಟ ದಿನಗಳನ್ನು ಆಮೇಲೆ ತುಂಬಿಕೊಡಬೇಕು, ತುಂಬಲು ಆಗದವರು ಬಡವರಿಗೆ ಊಟ ಹಾಕಬೇಕು. ಬಿಟ್ಟ ಉಪವಾಸಕ್ಕೆ ಪರಿಹಾರ ಇನ್ನೊಬ್ಬರ ಊಟ ಎಂಬ ಈ ಲೆಕ್ಕ ನನಗೆ ಬಹಳ ದೊಡ್ಡದೆನಿಸುತ್ತದೆ. ಚಾಂದ್ರಮಾನದ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ ರಂಜಾನ್ 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2018, 2019ರಲ್ಲಿ ಅದು ಮೇ ತಿಂಗಳ ಬಿಸಿಲಿಗೇ ಸಿಕ್ಕಿತ್ತು. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹದಿನಾಲ್ಕು ತಾಸು ನೀರಿಲ್ಲದ ಉಪವಾಸ ಹಿಡಿದು ಕಲ್ಲು ಹೊರುವವನಿಗೂ, ಫ್ಯಾನಿನ ಕೆಳಗೆ ಕೂತವನಿಗೂ ರೋಜಾ ಒಂದೇ ಇರಬಹುದು, ಮೈಗೆ ಒಂದೇ ಅಲ್ಲ. ನೀರು ಕುಡಿಯಬೇಕೇ ಎಂಬ ಇಂದಿನ ಪ್ರಶ್ನೆಯನ್ನು ಈ ನೆಲದಲ್ಲಿ ಬಿಸಿಲನ್ನು ಬಿಟ್ಟು ಕೇಳುವಂತಿಲ್ಲ. ವ್ರತದ ಕಟ್ಟಳೆಯಿಲ್ಲದೆ ಬರಿಯ ಆರೋಗ್ಯಕ್ಕೆಂದು ಉಪವಾಸ ಮಾಡುವವರು ನೀರು ಬಿಡಲು ಯಾವ ಕಾರಣವೂ ಇಲ್ಲ. ಬಿಟ್ಟರೆ ಮೂತ್ರಪಿಂಡಕ್ಕೆ ಹೊರೆ, ಕಲ್ಲಾಗುವ ಭಯ, ತಲೆಸುತ್ತು.

ಈ ಕಟ್ಟಳೆಗಳು ಮೈಯ ವ್ಯವಹಾರಕ್ಕೆ ಎಷ್ಟು ಹೊಂದುತ್ತವೆ? ಉಂಡ ಮೇಲೆ ಮಿಕ್ಕ ಸಕ್ಕರೆಯನ್ನು ಪಿತ್ತಜನಕಾಂಗ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ದೊಡ್ಡವರಲ್ಲಿ ಸುಮಾರು 100 ಗ್ರಾಂ. ಒಪ್ಪತ್ತು, ರೋಜಾಗಳ ಹೊತ್ತಿಗೆ ಆ ಸಂಗ್ರಹ ಬಹುತೇಕ ಸಾಲುತ್ತದೆ. ಒಂದು ಹಗಲು ಒಂದು ರಾತ್ರಿ ದಾಟುವಷ್ಟರಲ್ಲಿ ಅದು ತೀರುತ್ತದೆ. ಆಮೇಲೆ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡಿಕೊಳ್ಳುತ್ತದೆ, ಮೆದುಳಿಗೆ ಬೇಕಾದ ಸಕ್ಕರೆಗಾಗಿ ಸ್ನಾಯುವಿನ ಪ್ರೋಟೀನನ್ನೂ ಒಡೆಯುತ್ತದೆ. ಏಕಾದಶಿಯ 40 ತಾಸು ಈ ಎರಡನೆಯ ಹಂತಕ್ಕೆ ಕಾಲಿಟ್ಟು ಹಿಂದಿರುಗುವ ಅಳತೆ. ಆರೋಗ್ಯವಂತ ಪ್ರಾಯದವರು ಇದನ್ನು ತಡೆದುಕೊಳ್ಳುತ್ತಾರೆ, ಎರಡು ವಾರದೊಳಗೆ ಆದ ನಷ್ಟ ತುಂಬಿಕೊಳ್ಳುತ್ತಾರೆ. ತುಂಬಿಕೊಳ್ಳಲು ಆ ಎರಡು ವಾರ ಹೊಟ್ಟೆತುಂಬ ಊಟ ಸಿಗಬೇಕು. ಮೈ ಶುದ್ಧಿಯ ಮಾತಿಗೆ ಬಂದರೆ, ಆ ಕೆಲಸವನ್ನು ಪಿತ್ತಜನಕಾಂಗ, ಮೂತ್ರಪಿಂಡಗಳು ಉಂಡ ದಿನವೂ ಮಾಡುತ್ತವೆ, ಉಪವಾಸದ ದಿನವೂ ಮಾಡುತ್ತವೆ.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಉಪವಾಸ ಎಂಬುದೇ ಬರಗಾಲದ ಕೂಸು, ಕಾಳು ಉಳಿಸಲು ಬಡ ನಾಡು ಕಂಡುಕೊಂಡ ಉಪಾಯ, ಅದಕ್ಕೆ ಆಮೇಲೆ ದೇವರ ಹೆಸರು ಅಂಟಿಸಿದರು ಎನ್ನುವ ವಾದ. ಶ್ರಾವಣ ಹಳೆಯ ಕಾಳು ತೀರುತ್ತ ಬಂದು ಹೊಸ ಬೆಳೆ ಕೈಗೆ ಬಾರದ ತಿಂಗಳು ಎಂಬುದು ನಿಜ. ಈ ವಾದಕ್ಕೆ ಅದು ಬಲ ಕೊಡುತ್ತದೆ. ಆದರೆ ಕಾಳು ಉಳಿಸುವುದೇ ಗುರಿಯಾಗಿದ್ದರೆ ಅದೇ ತಿಂಗಳಿಗೆ ತಂಬಿಟ್ಟು, ಉಂಡಿ, ಹೂರಣದ ಹಬ್ಬಗಳನ್ನು ಯಾರು ಇಡುತ್ತಿದ್ದರು? ಬರ ಬಂದಾಗ ಏನಾಯಿತು ಎಂಬುದು ಇನ್ನೂ ದೊಡ್ಡ ಉತ್ತರ. ಬುರುಡೆಗಳ ಬರವೆಂದು ದಖ್ಖನಿನ ನೆನಪಿನಲ್ಲಿ ಉಳಿದ 1791–92ರ ಡೋಗಿ ಬರವಾಗಲಿ, 1876–78ರ ಮಹಾಕ್ಷಾಮವಾಗಲಿ ಯಾವ ವ್ರತಕ್ಕೂ ಬಗ್ಗಲಿಲ್ಲ. ಎರಡನೆಯದು ಬರುವ ಹೊತ್ತಿಗೆ ಸುರಪುರ ಸಂಸ್ಥಾನ ಮುಗಿದಿತ್ತು. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ತೀರಿಹೋಗಿ, 1860ರಲ್ಲಿ ಸೀಮೆ ನಿಜಾಮನ ಪಾಲಾಗಿತ್ತು. 1871ರಲ್ಲಿ ಮುಂಬಯಿಯಿಂದ ರಾಯಚೂರಿಗೆ ಹೊರಟ ರೈಲು ಯಾದಗಿರಿಯ ಮೇಲೆ ಓಡತೊಡಗಿತ್ತು. ದಾರಿ ಇತ್ತು, ಕಾಳನ್ನು ಕೊಳ್ಳುವ ದುಡ್ಡು ಕೂಲಿಯವರ ಕೈಯಲ್ಲಿರಲಿಲ್ಲ. ಪಕ್ಕದ ಬಳ್ಳಾರಿ ಸೇರಿದ ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳು, ಅದರ ಮೇಲೆ ಚಿಲ್ಲರೆ ಕಾಸು ಎಂದು ಇಳಿಸಿದ. ಒಂದು ಪೌಂಡ್ ಎಂದರೆ 450 ಗ್ರಾಂ, ಸುಮಾರು 1,500ರಿಂದ 1,600 ಕ್ಯಾಲೊರಿ. ಪ್ರಾಂತ್ಯದ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದು ದುಡಿಯುವ ಮೈಗೆ ಸಾಲದೆಂದು ಪಟ್ಟು ಹಿಡಿದು ವಿರೋಧಿಸಿದ. 1944–45ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ಕೊಟ್ಟ ಅರೆಹೊಟ್ಟೆಯ ಆಹಾರವೂ ಹೆಚ್ಚು ಕಡಿಮೆ ಅಷ್ಟೇ ಕ್ಯಾಲೊರಿಯದು. ಅವರ ತೂಕ ಕಾಲುಭಾಗ ಇಳಿಯಿತು, ನಾಡಿ ನಿಧಾನವಾಯಿತು, ಮನಸ್ಸು ಕುಗ್ಗಿತು, ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ವಾರಕ್ಕೊಂದು ದಿನ ಬರಿಹೊಟ್ಟೆ ಇರುವುದಕ್ಕೂ ದಿನವೂ ಅರೆಹೊಟ್ಟೆ ಇರುವುದಕ್ಕೂ ಇರುವ ಅಂತರ ಇಲ್ಲಿದೆ. ಒಂದಕ್ಕೆ ಪಾರಣೆ ಉಂಟು, ಇನ್ನೊಂದಕ್ಕೆ ಇಲ್ಲ.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಇಷ್ಟು ಕಾಲ ಬಾಳಿ ಬಂದ ಪದ್ಧತಿ ಆರೋಗ್ಯಕರವಾಗಿರಲೇಬೇಕಲ್ಲವೇ, ಹದಿನಾರು ತಾಸು ಉಪವಾಸ, ಎಂಟು ತಾಸಿನೊಳಗೆ ಊಟ ಎಂಬ ಇಂದಿನ ಹದಿನಾರು-ಎಂಟರ ಲೆಕ್ಕವೂ ನಮ್ಮ ಒಪ್ಪತ್ತಿನ ನಕಲೇ ಅಲ್ಲವೇ? ಬಾಳಿ ಬಂದದ್ದೆಲ್ಲ ಎಲ್ಲರಿಗೂ ಹಿತ ಮಾಡಿದೆ ಎನ್ನಲಾಗದು. ಧರ್ಮಶಾಸ್ತ್ರ ಕೊಟ್ಟ ರಿಯಾಯಿತಿಯನ್ನು ಮನೆಯ ರೂಢಿ ಎಷ್ಟೋ ಸಲ ಕಸಿದುಕೊಂಡಿತು. ವಿಧವೆಯರ ಮೇಲೆ ಉಪವಾಸಗಳನ್ನು ಹೇರಲಾಯಿತು. ಗಂಡನಿಗಾಗಿ, ಅಣ್ಣತಮ್ಮಂದಿರಿಗಾಗಿ, ಮಕ್ಕಳಿಗಾಗಿ ಹೆಣ್ಣುಮಕ್ಕಳು ಹಿಡಿಯುವ ವ್ರತಗಳ ಪಟ್ಟಿ ಗಂಡಸರ ಪಟ್ಟಿಗಿಂತ ಬಹಳ ಉದ್ದ. ಉಪವಾಸದ ದಿನವೂ ನೀರು ತರುವುದು, ಒಲೆ ಉರಿಸುವುದು, ಹೊಲಕ್ಕೆ ಹೋಗುವುದು ಅವರಿಗೆ ತಪ್ಪಲಿಲ್ಲ. ಪಾರಣೆಯ ಅಡಿಗೆ ಮಾಡಿದವಳು ಎಲ್ಲರಿಗೂ ಬಡಿಸಿ ಕೊನೆಗೆ ಉಂಡಳು. ರಾಜ್ಯದ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದಕ್ಕೆ ಉಪವಾಸವೇ ಕಾರಣವೆಂದು ನಾನು ಹೇಳಲಾರೆ. ರಕ್ತ ಕಡಿಮೆಯಿರುವ ಮೈಗೆ ಉಪವಾಸದ ಆಚೀಚೆಯ ಊಟವೂ ತೆಳ್ಳಗಿದ್ದರೆ ವ್ರತ ಹೊರೆಯಾಗುತ್ತದೆ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಇನ್ನು ಹದಿನಾರು-ಎಂಟರ ಮಾತು. ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲಕಾಯದವರನ್ನು ಒಂದು ವರ್ಷ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡು ಗುಂಪಿಗೂ ಕ್ಯಾಲೊರಿ ಇಳಿಸಲಾಗಿತ್ತು; ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಣ್ಣಬೇಕಿತ್ತು. ವರ್ಷದ ಕೊನೆಗೆ ಎರಡೂ ಗುಂಪುಗಳ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಡಿಯಾರಕ್ಕಿಂತ ತಟ್ಟೆ ಹೆಚ್ಚು ಕೆಲಸ ಮಾಡಿತು. ಹೊತ್ತಿನ ಕಟ್ಟು ಕೆಲವರಿಗೆ ಕಡಿಮೆ ಉಣ್ಣಲು ನೆರವಾಗಬಹುದು, ಅದು ಸಣ್ಣ ಲಾಭವೇನಲ್ಲ. ಆದರೆ ಹದಿನಾರು ತಾಸಿಗೆ ಅದರಾಚೆಯ ಮಂತ್ರಶಕ್ತಿ ಇದೆಯೆಂದು ನಂಬಲು ಸಾಕಷ್ಟು ಆಧಾರವಿಲ್ಲ.

ಮಧುಮೇಹಿಗಳ ವಿಚಾರದಲ್ಲಿ ಮಾತ್ರ ಪೂರ್ವಿಕರ ಅನುಭವ ಸಾಲದು. ಅವರ ಕಾಲದಲ್ಲಿ ರಕ್ತದ ಸಕ್ಕರೆ ಇಳಿಸುವ ಗುಳಿಗೆ, ಇನ್ಸುಲಿನ್ ಇರಲಿಲ್ಲ. ಔಷಧ ಊಟವನ್ನು ನಂಬಿ ಕೆಲಸ ಮಾಡುತ್ತದೆ. ಊಟ ಬಿಟ್ಟು ಔಷಧವನ್ನು ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು. 13 ದೇಶಗಳ 12,000ಕ್ಕೂ ಹೆಚ್ಚು ಮುಸ್ಲಿಂ ಮಧುಮೇಹಿಗಳನ್ನು ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟೈಪ್ 2 ಕಾಯಿಲೆಯವರಿಗೆ ರಂಜಾನಿನಲ್ಲಿ ತೀವ್ರ ಸಕ್ಕರೆ ಕುಸಿತ ಉಳಿದ ತಿಂಗಳುಗಳಿಗಿಂತ ಏಳು ಪಟ್ಟಿಗೂ ಹೆಚ್ಚು ಕಂಡಿತು. ಆದ್ದರಿಂದ ರೋಜಾ, ಏಕಾದಶಿಗಳಿಗೆ ವಾರಗಳ ಮುಂಚೆಯೇ ವೈದ್ಯರನ್ನು ಕಂಡು ಗುಳಿಗೆಯ ಪ್ರಮಾಣ, ವೇಳೆ ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ ಎಂದು ಧರ್ಮಪಂಡಿತರು ಹೇಳಿದ್ದಾರೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಉಪವಾಸ ಬಿಡಬೇಕು. ದೂರ್ವಾಸರಿಗಾಗಿ ಕಾಯದೆ ನೀರು ಕುಡಿದ ಅಂಬರೀಷನಿಗೆ ದೋಷ ತಟ್ಟಲಿಲ್ಲ, ಇವರಿಗೂ ತಟ್ಟದು.

ದಿನಗಟ್ಟಲೆಯ ಉಪವಾಸದ ಚರಿತ್ರೆ ಬೇರೆ ಜಾತಿಯದು. ಜೈನರ ಸಲ್ಲೇಖನ ಬದುಕನ್ನು ಮುಗಿಸಲೆಂದೇ ಗುರುವಿನ ಅಪ್ಪಣೆ ಪಡೆದು ಕೈಗೊಳ್ಳುವ ವ್ರತ. ಈ ಸೀಮೆಗೆ ಹತ್ತಿರದ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೇ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಹಾಗೆ ದೇಹ ಬಿಟ್ಟ. ಅದನ್ನು ಯಾರೂ ಆರೋಗ್ಯದ ಹೆಸರಿನಲ್ಲಿ ಮಾಡಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಉಪವಾಸ ರಾಜಕೀಯಕ್ಕೆ ಬಂತು. ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು 1952ರ ಅಕ್ಟೋಬರಿನಲ್ಲಿ ಊಟ ಬಿಟ್ಟು ಡಿಸೆಂಬರ್ 15ರಂದು, ಎಂಟು ವಾರ ದಾಟಿ, ತೀರಿಕೊಂಡರು. ಮರುವರ್ಷ ಕರ್ನಾಟಕ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತರು. ಭಾಷಾವಾರು ಪ್ರಾಂತ್ಯಗಳ ಆ ಹೋರಾಟ ಮುಗಿದದ್ದು 1956ರ ನವೆಂಬರ್ 1ರಂದು. ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಯೊಂದಿಗೆ ಯಾದಗಿರಿ, ಶಹಾಪುರ, ಸುರಪುರಗಳೂ ಕನ್ನಡ ನಾಡಿಗೆ ಬಂದವು. ಈ ಊರುಗಳ ಇಂದಿನ ವಿಳಾಸದಲ್ಲಿ ಪಾರಣೆ ಕಾಣದ ಒಂದು ಉಪವಾಸದ ಪಾಲಿದೆ. ಈಗ ಚಿಕಿತ್ಸೆಯೆಂದು ಏಳು ದಿನ, ಹತ್ತು ದಿನ ನೀರಿನ ಮೇಲೆ ಇರುವವರು ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿಯ ಹೆಸರು ಹೇಳುತ್ತಾರೆ. 1965–66ರಲ್ಲಿ ಅವನು 382 ದಿನ ಉಣ್ಣದೆ ಇದ್ದದ್ದು ನಿಜ. ಅವನ ತೂಕ 200 ಕಿಲೋ ದಾಟಿತ್ತು, ಡಂಡಿಯ ವೈದ್ಯರು ಜೀವಸತ್ವ, ಪೊಟ್ಯಾಸಿಯಂ ಕೊಡುತ್ತ ರಕ್ತ ಪರೀಕ್ಷಿಸುತ್ತಿದ್ದರು. ಅವನನ್ನು ಉಳಿಸಿದ್ದು ಹಿಂದೆ ಉಂಡ ಊಟ, ಮೈಯಲ್ಲಿ ಕೂಡಿಟ್ಟ ಕೊಬ್ಬು. ಅಂಥ ಸಂಗ್ರಹವಿಲ್ಲದ ಮೈಗೆ ಅವನ ದಾರಿ ತೆರೆದಿಲ್ಲ. ದೀರ್ಘ ಉಪವಾಸದಲ್ಲಿ ಅತಿ ಅಪಾಯದ ಗಳಿಗೆ ಅದನ್ನು ಬಿಡುವ ಗಳಿಗೆಯೇ. ಐದು ದಿನಕ್ಕೂ ಹೆಚ್ಚು ಕಾಲ ಬಹುತೇಕ ಏನೂ ಉಣ್ಣದವರು ಒಮ್ಮೆಲೇ ಅನ್ನ, ಸಿಹಿ ಉಂಡರೆ ಇನ್ಸುಲಿನ್ ಉಕ್ಕಿ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶದೊಳಕ್ಕೆ ಎಳೆದುಕೊಳ್ಳುತ್ತದೆ; ಥಯಾಮಿನ್ ಬರಿದಾಗುತ್ತದೆ; ಹೃದಯದ ಬಡಿತ ತಪ್ಪಬಹುದು. ಎರಡನೇ ಮಹಾಯುದ್ಧದಲ್ಲಿ ಬಿಡುಗಡೆಯಾದ ಸೆರೆಯಾಳುಗಳಲ್ಲಿ ಕೆಲವರು ಹಸಿವಿನಿಂದ ಬದುಕುಳಿದು ಊಟದಿಂದ ಸತ್ತದ್ದು ಹೀಗೆ. ಏಕಾದಶಿಗೆ ಮೆತ್ತಗಿನ ಪಾರಣೆಯ ಕಟ್ಟಳೆ ಇದೆ, ಹತ್ತು ದಿನದ ಉಪವಾಸಕ್ಕೆ ಮನೆಯ ಅಡಿಗೆಮನೆಯಲ್ಲಿ ಯಾವ ಕಟ್ಟಳೆಯೂ ಇಲ್ಲ. ಅದು ಆಸ್ಪತ್ರೆಯ ಕೆಲಸ.

ಕೊನೆಗೆ ಈ ಜಿಲ್ಲೆಯ ಇಂದಿನ ತಟ್ಟೆಯ ಮಾತು ಆಡಲೇಬೇಕು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ತುಂಬಿ ಶಹಾಪುರ, ಸುರಪುರದ ಹೊಲಗಳಿಗೆ ಕಾಲುವೆಯ ನೀರು ಹರಿಯಿತು. ಜೋಳದ ಜಾಗಕ್ಕೆ ಎಷ್ಟೋ ಕಡೆ ಭತ್ತ ಬಂತು, ರೊಟ್ಟಿಯ ಪಕ್ಕಕ್ಕೆ ಪಡಿತರದ ಅಕ್ಕಿ ಬಂತು. ಆದರೂ ಕೂಲಿಗಾಗಿ ಊರು ಬಿಟ್ಟು ಹೋಗುವ ಗುಳೆ ನಿಲ್ಲಲಿಲ್ಲ. 2009ರ ಡಿಸೆಂಬರ್ 30ರಂದು ಹೊಸ ಜಿಲ್ಲೆಯಾದ ಯಾದಗಿರಿಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ ಎಂದು ರಾಷ್ಟ್ರೀಯ ಸಮೀಕ್ಷೆಗಳು ತೋರಿಸಿವೆ. ಉಪವಾಸದಿಂದ ಆರೋಗ್ಯ ಎಂಬ ಮಾತು ಬೇಕಾದಷ್ಟು ಉಣ್ಣುವವರಿಗೆ, ಉಂಡು ಮಿಕ್ಕಿದವರಿಗೆ ಹೇಳಿದ್ದು. ಅದನ್ನೇ ಈ ಜಿಲ್ಲೆಯ ಎಲ್ಲರಿಗೂ ಹಂಚಿದರೆ ತಪ್ಪು ಮದ್ದು ಕೊಟ್ಟಂತೆ. 2021ರ ಡಿಸೆಂಬರಿನಲ್ಲಿ ಸರ್ಕಾರ ಯಾದಗಿರಿ ಸೇರಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡಿತ್ತು. ಮಾಂಸ ಬಿಡುವ ವ್ರತ ದೊಡ್ಡವರು ಬೇಕೆಂದು ಹಿಡಿಯುವಂಥದ್ದು. ಮಗುವಿನ ತಟ್ಟೆಯ ಮೇಲೆ ಇನ್ನೊಬ್ಬರು ಹಿಡಿಯುವ ವ್ರತವನ್ನು ಮೇಲೆ ಹೇಳಿದ ಮೂರು ಪರಂಪರೆಗಳಲ್ಲಿ ಯಾವುದೂ ವಿಧಿಸಿಲ್ಲ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು; ಹೆಣ್ಣುಮಕ್ಕಳಲ್ಲಿ ಅಂತರ ಇನ್ನೂ ಸ್ಪಷ್ಟವಿತ್ತು. 2022ರಲ್ಲಿ ಮೊಟ್ಟೆಯನ್ನು ರಾಜ್ಯದ ಎಲ್ಲ ಜಿಲ್ಲೆಗಳ ಶಾಲೆಗಳಿಗೂ ವಿಸ್ತರಿಸಲಾಯಿತು.